ಲ್ಯಾಪ್‌ಟಾಪ್ ಪ್ರಶ್ನೋತ್ತರ: ಯಾವುದು ತಗೊಳ್ಳೋದು, ಎಷ್ಟು ವರ್ಷ ಇಟ್ಕೊಳ್ಳೋದು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕಾಲೇಜು ಶುರುವಾಗುವ ಹೊತ್ತು, ಗ್ರೂಪಿನಲ್ಲಿ ದಿನಾ ಲ್ಯಾಪ್‌ಟಾಪ್ ಪ್ರಶ್ನೆಗಳೇ ಬರ್ತಿವೆ. ಮೈಸೂರಿನ ಸರಸ್ವತಿಪುರಂನಲ್ಲಿ 18 ವರ್ಷದಿಂದ ಲ್ಯಾಪ್‌ಟಾಪ್ ಸರ್ವಿಸ್ ಮಾಡುತ್ತಿರುವ ನಮ್ಮ ಸದಸ್ಯರೊಬ್ಬರು ಇವತ್ತು ರಾತ್ರಿಯವರೆಗೆ ಉತ್ತರ ಕೊಡಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಸರ್ವಿಸ್‌ನವರು: ನಮಸ್ಕಾರ. ಅಂಗಡಿ ಕೆಲಸದ ನಡುವೆ ಬರೆಯುತ್ತೇನೆ, ತಡವಾದರೆ ಬೇಸರ ಮಾಡ್ಕೋಬೇಡಿ. ಏನು ಕೆಲಸಕ್ಕೆ ಬೇಕು, ಎಷ್ಟು ದುಡ್ಡು ಹಾಕಬಲ್ಲಿರಿ, ಈಗ ಇರುವುದರಲ್ಲಿ ಏನು ತೊಂದರೆ, ಇಷ್ಟು ಹೇಳಿ ಕೇಳಿ.

ಕುವೆಂಪುನಗರದ ಪೋಷಕರು: ಸರ್, ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿದ್ದಾನೆ. 60 ಸಾವಿರ ಇಟ್ಕೊಂಡಿದ್ದೀವಿ. ಅಂಗಡಿಯವರು 'ಐ7 ಇದೆ, 8 ಜಿಬಿ ರ‍್ಯಾಮ್, ಕಣ್ಮುಚ್ಕೊಂಡು ತಗೊಳ್ಳಿ' ಅಂತಾರೆ. ನಾಲ್ಕು ವರ್ಷ ಬಂದರೆ ಸಾಕು.

ಸರ್ವಿಸ್‌ನವರು: ಕಣ್ಣು ಬಿಟ್ಕೊಂಡೇ ತಗೊಳ್ಳಿ ಸರ್. ಬರೀ ಐ7 ಅಂತ ಇಂಟೆಲ್ ಪ್ರೊಸೆಸರಿನ ಹೆಸರು ಹೇಳಿದರೆ ಏನೂ ಗೊತ್ತಾಗಲ್ಲ, ಅದರ ಮುಂದಿನ ನಂಬರ್ ಕೇಳಿ. ಉದಾಹರಣೆಗೆ ಐ5-1335ಯು. ಇದರಲ್ಲಿ 13 ಅಂದರೆ ಹದಿಮೂರನೇ ಜನರೇಷನ್. ಕೊನೆಯ ಯು ಅಂದರೆ ಕಡಿಮೆ ಕರೆಂಟಿನಲ್ಲಿ ಓಡುವುದು, ಎಚ್ ಇದ್ದರೆ ಶಕ್ತಿ ಜಾಸ್ತಿ, ಬಿಸಿಯೂ ಜಾಸ್ತಿ. ಹಳೇ ಜನರೇಷನ್ನಿನ ಐ7ಗಿಂತ ಹೊಸ ಐ5 ಎಷ್ಟೋ ವಾಸಿ. ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರಿನಲ್ಲಂತೂ ಇನ್ನೂ ಹುಷಾರಾಗಿರಬೇಕು. 7520ಯು ಮತ್ತು 7530ಯು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಮೂರನೇ ಅಂಕಿ ನೋಡಿ. 2 ಇದ್ದರೆ ಒಳಗಿರುವುದು ಹಳೆಯ ಜೆನ್ 2 ಡಿಸೈನು, 3 ಇದ್ದರೆ ಅದಕ್ಕಿಂತ ಹೊಸ ಜೆನ್ 3. ಡಬ್ಬದ ಮೇಲೆ ಎರಡಕ್ಕೂ ಅದೇ 7000 ಸೀರೀಸ್ ಅಂತ ಮಾರುತ್ತಾರೆ.

ನಿಮ್ಮ ಮಗನಿಗೆ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ವೇಗದ ಡ್ರೈವ್) ಇರಲಿ. ಸಾಲಿಡ್‌ವರ್ಕ್ಸ್ ಅನ್ನೋ ಡಿಸೈನ್ ಸಾಫ್ಟ್‌ವೇರ್ ಕೆಲಸ ಬರುತ್ತದೆ, ಬಜೆಟ್ಟಿನಲ್ಲಿ ಸಿಕ್ಕರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದನ್ನೇ ನೋಡಿ. ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿ: 'ರ‍್ಯಾಮ್ ಬೋರ್ಡಿಗೆ ಬೆಸುಗೆ ಹಾಕಿದ್ದಾ, ಸ್ಲಾಟ್‌ನಲ್ಲಿದೆಯಾ?' ಬೆಸುಗೆ ಹಾಕಿದ 8 ಜಿಬಿ ತಗೊಂಡು, ಮೂರನೇ ವರ್ಷ 'ಜಾಸ್ತಿ ಮಾಡಿಕೊಡಿ' ಅಂತ ಬಂದರೆ ನನ್ನ ಕೈಲಿ ಏನೂ ಆಗಲ್ಲ.

ವಿಜಯನಗರ: ಸರ್, ಬಿ.ಕಾಂ ಓದುವ ಮಗಳಿಗೆ 8 ಸಾಕಾ, 16 ಬೇಕಾ?

ಸರ್ವಿಸ್‌ನವರು: ಬಿ.ಕಾಂಗೆ ಇವತ್ತಿಗೆ 8 ನಡೆಯುತ್ತದೆ, ಖಾಲಿ ಸ್ಲಾಟ್ ಇದ್ದರೆ ಮಾತ್ರ. ಇಲ್ಲದಿದ್ದರೆ 16 ತಗೊಳ್ಳಿ. 64 ಅಥವಾ 128 ಜಿಬಿ ಇಎಂಎಂಸಿ ಅಂತ ನಿಧಾನದ ಸ್ಟೋರೇಜ್ ಇರುವುದನ್ನು ಅಗ್ಗಕ್ಕೆ ಕೊಡ್ತಾರೆ, ಅದು ಬೇಡವೇ ಬೇಡ.

ಹೆಬ್ಬಾಳದ ಐಟಿ ಉದ್ಯೋಗಿ: ಇಷ್ಟೆಲ್ಲ ತಲೆನೋವು ಯಾಕೆ? ಒಂದು ಮ್ಯಾಕ್ ತಗೊಂಡರೆ ಏಳೆಂಟು ವರ್ಷ ತಿರುಗಿ ನೋಡೋ ಹಾಗಿಲ್ಲ.

ಕುವೆಂಪುನಗರದ ಪೋಷಕರು: ನನ್ನ ಬಜೆಟ್ ಓದಿದಿರಾ?

ಹೆಬ್ಬಾಳದ ಐಟಿ ಉದ್ಯೋಗಿ: ಇಎಂಐ ಇದೆಯಲ್ಲ ಸರ್.

ಮಂಡ್ಯದ ಮೇಷ್ಟ್ರು: ನಮಸ್ಕಾರ. ನನ್ನದು 2017ರ ಲ್ಯಾಪ್‌ಟಾಪ್. ಐ5, ಏಳನೇ ಜನರೇಷನ್, 8 ಜಿಬಿ ರ‍್ಯಾಮ್, ಹಾರ್ಡ್‌ಡಿಸ್ಕ್. ಆನ್ ಮಾಡಿ ಕಾಫಿ ಕುಡಿದು ಬಂದರೂ ಗರಗರ ತಿರುಗುತ್ತಲೇ ಇರುತ್ತದೆ. ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತೇನೆ, ಎಲ್ಲ ನುಡಿ ತಂತ್ರಾಂಶದಲ್ಲೇ. ಎಸೆಯುವುದಾ?

ಸರ್ವಿಸ್‌ನವರು: ಎಸೆಯಬೇಡಿ ಮೇಷ್ಟ್ರೇ. ನಿಧಾನಕ್ಕೆ ಕಾರಣ ಪ್ರೊಸೆಸರ್ ಅಲ್ಲ, ಆ ಹಾರ್ಡ್‌ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ, ಕಾಫಿ ಲೋಟ ಕೈಗೆ ಬರುವುದರೊಳಗೆ ಆನ್ ಆಗಿರುತ್ತದೆ. ಇನ್ನೊಂದು ವಿಷಯ ಮಾತ್ರ ನಿಮಗೆ ಗೊತ್ತಿರಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್ ಮೇಲೆ ಇರಬೇಕು, ನಿಮ್ಮದು ಒಂದು ಮೆಟ್ಟಿಲು ಕೆಳಗಿದೆ. ಕೆಲಸವೆಲ್ಲ ವಿಂಡೋಸಿನಲ್ಲಿ ಓಡುವ ನುಡಿಯಲ್ಲಿ ಆದ್ದರಿಂದ ವಿಂಡೋಸ್ ಬಿಡಿ ಅಂತ ನಾನು ಹೇಳಲ್ಲ. ಟೈಪಿಂಗಿಗೆ ಇಟ್ಕೊಳ್ಳಿ. ಬ್ಯಾಂಕಿನ ಕೆಲಸ ಮಾತ್ರ ಅದರಲ್ಲಿ ಮಾಡಬೇಡಿ.

ಸದಸ್ಯರು: ದೇವರಾಜ ಅರಸು ರಸ್ತೆಯಲ್ಲಿ ಯಾವ ಅಂಗಡಿಯಲ್ಲಿ ಡಿಸ್ಕೌಂಟ್ ಜಾಸ್ತಿ?

ಮಂಡ್ಯ, ಮೂರನೇ ವರ್ಷದ ಬಿ.ಇ. ವಿದ್ಯಾರ್ಥಿನಿ: ಸರ್, ನನ್ನ ಲ್ಯಾಪ್‌ಟಾಪಿಗೆ ನಾಲ್ಕು ವರ್ಷ. ಐ5 ಹನ್ನೊಂದನೇ ಜನರೇಷನ್, 8 ಜಿಬಿ, ಎಸ್‌ಎಸ್‌ಡಿ ಇದೆ. ಸ್ಪೀಡ್ ಪರವಾಗಿಲ್ಲ. ಎರಡು ವಾರದಿಂದ ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗ್ತಿಲ್ಲ, ಸ್ವಲ್ಪ ಮೇಲೆ ಎದ್ದ ಹಾಗಿದೆ. ಟೇಬಲ್ ಮೇಲಿಟ್ಟರೆ ಅಲ್ಲಾಡುತ್ತದೆ. ಚಾರ್ಜ್ ಒಂದು ಗಂಟೆಯೂ ಬರಲ್ಲ, ಹಾಗಾಗಿ ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಹಾಸಿಗೆ ಪಕ್ಕದಲ್ಲೇ ಇಟ್ಕೊಂಡು ಮಲಗ್ತೀನಿ. ಟಚ್‌ಪ್ಯಾಡ್ ಬದಲಾಯಿಸಿದರೆ ಸಾಕಾ, ಹೊಸದೇ ತಗೊಳ್ಳಬೇಕಾ?

ಸರ್ವಿಸ್‌ನವರು: ಬೇರೆಯವರ ಪ್ರಶ್ನೆ ಆಮೇಲೆ. ನೋಡಮ್ಮ, ಇದನ್ನು ಓದಿದ ತಕ್ಷಣ ಲ್ಯಾಪ್‌ಟಾಪ್ ಶಟ್‌ಡೌನ್ ಮಾಡು. ಚಾರ್ಜರ್ ಕಿತ್ತಿಡು. ಟಚ್‌ಪ್ಯಾಡ್ ಕೆಟ್ಟಿಲ್ಲ, ಅದರ ಕೆಳಗಿನ ಬ್ಯಾಟರಿ ಊದಿಕೊಂಡು ಅದನ್ನು ಮೇಲಕ್ಕೆ ತಳ್ಳುತ್ತಿದೆ. ಅಲ್ಲಾಡುತ್ತಿರುವುದೂ ಅದಕ್ಕೇ.

ಹಾಸಿಗೆ, ಸೊಳ್ಳೆಪರದೆ, ಪುಸ್ತಕ ಯಾವುದೂ ಹತ್ತಿರ ಇರಬಾರದು. ಬರೀ ನೆಲದ ಮೇಲೆ, ಟೈಲ್ಸೋ ಕಡಪ ಕಲ್ಲೋ ಇರುವ ಕಡೆ ಇಡು. ಬಿಸಿಲಿಗೆ ಬೇಡ. ಮುಚ್ಚಳ ಬಲವಂತವಾಗಿ ಒತ್ತಿ ಮುಚ್ಚಬೇಡ, ಎದ್ದಿರುವ ಜಾಗವನ್ನು ಅದುಮಬೇಡ. ಬೆಳಿಗ್ಗೆ ಮಂಡ್ಯದಲ್ಲೇ ಹತ್ತಿರದ ಸರ್ವಿಸ್ ಅಂಗಡಿಗೆ ಒಯ್ದು ಬ್ಯಾಟರಿ ಬಿಚ್ಚಿಸು. ನನ್ನ ಹತ್ತಿರವೇ ತರಬೇಕು ಅಂತ ಬಸ್ಸಿನಲ್ಲಿ ಬ್ಯಾಗಿಗೆ ತುರುಕಿಕೊಂಡು ಮೈಸೂರಿಗೆ ಬರಬೇಡ.

ಹೋದ ವರ್ಷ ಒಬ್ಬರು ಇಂಥದ್ದೇ ಒಂದನ್ನು ತಂದಿದ್ದರು. ತಳದ ಸ್ಕ್ರೂ ಎರಡು ಬಿಚ್ಚುವುದರೊಳಗೆ ಕವರ್ ತಾನೇ ಟಕ್ ಅಂತ ಮೇಲೆದ್ದಿತು. ತೆಳ್ಳಗೆ ಹಪ್ಪಳದ ಹಾಗಿರಬೇಕಾದ ಸೆಲ್ ಪೂರಿಯ ಹಾಗೆ ಉಬ್ಬಿತ್ತು. ಉಗುರುಬಣ್ಣದಂಥ ಸಿಹಿ ವಾಸನೆ ಬರುತ್ತಿತ್ತು, ಅಂದರೆ ಒಳಗಿನದು ಸೋರಲು ಶುರುವಾಗಿತ್ತು. ಅದರ ಹಿಂದಿನ ರಾತ್ರಿಯೂ ಆ ಮನೆಯ ಹುಡುಗ ಅದನ್ನು ತೊಡೆ ಮೇಲಿಟ್ಕೊಂಡೇ ಓದಿದ್ದನಂತೆ. ನಿನಗೂ ಆ ವಾಸನೆ ಬಂದರೆ, ಹೊಗೆ ಕಂಡರೆ, ಮುಟ್ಟಲು ಹೋಗಬೇಡ. ಮನೆಯವರನ್ನೆಲ್ಲ ಹೊರಗೆ ಕರೆದು 112ಕ್ಕೋ 101ಕ್ಕೋ ಫೋನ್ ಮಾಡು. ಈಗ ಶಟ್‌ಡೌನ್ ಮಾಡಿದೆಯಾ? ಹೇಳು.

ವಿದ್ಯಾರ್ಥಿನಿ: ಮಾಡಿದೆ ಸರ್. ಹಜಾರದ ನೆಲದ ಮೇಲಿಟ್ಟಿದ್ದೀನಿ. ಅಮ್ಮ ಗಾಬರಿಯಾಗಿದ್ದಾರೆ. ಪ್ರಾಜೆಕ್ಟ್ ರಿಪೋರ್ಟ್ ಪೂರ್ತಿ ಅದರಲ್ಲೇ ಇದೆ, ಎಲ್ಲಾ ಹೋಗಿಬಿಡುತ್ತಾ?

ಸರ್ವಿಸ್‌ನವರು: ಇಲ್ಲಮ್ಮ. ಫೈಲುಗಳೆಲ್ಲ ಇರುವುದು ಎಸ್‌ಎಸ್‌ಡಿಯಲ್ಲಿ. ಬ್ಯಾಟರಿ ತೆಗೆದರೆ ಅವಕ್ಕೆ ಏನೂ ಆಗಲ್ಲ. ಬ್ಯಾಟರಿ ಇಲ್ಲದೆಯೂ ಬಹುಪಾಲು ಲ್ಯಾಪ್‌ಟಾಪ್‌ಗಳು ನೇರ ಚಾರ್ಜರಿನಲ್ಲೇ ಓಡುತ್ತವೆ. ಹೊಸದು ಬರುವವರೆಗೆ ಹಾಗೇ ಕೆಲಸ ಮಾಡ್ಕೋ. ಅಮ್ಮನಿಗೆ ಹೇಳು, ಅನಾಹುತಕ್ಕೆ ಮುಂಚೆಯೇ ಗೊತ್ತಾಗಿದೆ.

ಹೊಸ ಲ್ಯಾಪ್‌ಟಾಪ್ ಬೇಡವೇ ಬೇಡ. ಹನ್ನೊಂದನೇ ಜನರೇಷನ್‌ಗೆ ವಿಂಡೋಸ್ 11 ಆರಾಮಾಗಿ ಆಗುತ್ತದೆ. ಬ್ಯಾಟರಿ ಹೊಸದು ಹಾಕಿಸು. ಬಿಚ್ಚಿದಾಗಲೇ ಫ್ಯಾನಿನ ಧೂಳು ತೆಗೆಸು, ರ‍್ಯಾಮ್ ಸ್ಲಾಟ್ ಖಾಲಿ ಇದೆಯಾ ನೋಡಿಸು. ಓದು ಮುಗಿದು ಕೆಲಸ ಸಿಕ್ಕುವವರೆಗೂ ಅದು ನಿನ್ನ ಜೊತೆ ಬರುತ್ತದೆ. ನಾಲ್ಕು ವರ್ಷಕ್ಕೆ ಸೋತಿರುವುದು ಬ್ಯಾಟರಿ ಒಂದೇ.

ಬೋಗಾದಿಯ ಹಿರಿಯರು: ಫಾರ್ವರ್ಡ್ ಬಂದಿದ್ದು, ಉಪಯೋಗ ಆಗಬಹುದು: 'ಬ್ಯಾಟರಿ ಊದಿದ್ದರೆ ಹೆದರಬೇಡಿ. ಸೂಜಿಯಿಂದ ಸಣ್ಣ ತೂತು ಮಾಡಿ ಗಾಳಿ ಬಿಡಿ, ಟೇಪ್ ಹಚ್ಚಿ. ಅಥವಾ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಎಲ್ಲರಿಗೂ ಶೇರ್ ಮಾಡಿ.'

ಸರ್ವಿಸ್‌ನವರು: ದಯವಿಟ್ಟು ಇದನ್ನು ಈಗಲೇ ಡಿಲೀಟ್ ಮಾಡಿ. ಒಳಗಿರುವುದು ಸೈಕಲ್ ಟ್ಯೂಬಿನ ಗಾಳಿಯಲ್ಲ, ಹೊತ್ತಿಕೊಳ್ಳುವ ಅನಿಲ. ಸೂಜಿ ಚುಚ್ಚಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ, ಕೈಯಲ್ಲೇ ಬೆಂಕಿ ಏಳುತ್ತದೆ. ಫ್ರೀಜರಿಗಿಟ್ಟರೆ ಊದಿದ್ದು ಇಳಿಯಲ್ಲ, ತೇವ ಬೇರೆ ಕೂರುತ್ತದೆ.

ಬೋಗಾದಿಯ ಹಿರಿಯರು: ನಮ್ಮ ಭಾವಮೈದ ಮೊಬೈಲಿಗೆ ಮಾಡಿದ್ದ. ಏನೂ ಆಗಲಿಲ್ಲ.

ಮಂಡ್ಯದ ಮೇಷ್ಟ್ರು: ಸ್ವಾಮಿ, ಒಂದು ಮಗು ಹೆದರಿಕೊಂಡು ಕೂತಿದೆ. ಈ ಹೊತ್ತಿನಲ್ಲಿ ಇದು ಬೇಕಿತ್ತಾ?

ಬೋಗಾದಿಯ ಹಿರಿಯರು: ಒಳ್ಳೆಯದಾಗಲಿ ಅಂತ ಹಾಕಿದೆ. ನನಗೇ ಪಾಠ ಹೇಳೋಕೆ ಬರ್ತೀರಾ?

ಸರ್ವಿಸ್‌ನವರು: ಭಾವಮೈದುನರು ಬಚಾವಾದರು, ಸಂತೋಷ. ಇದನ್ನು ಓದಿ ಇನ್ನೊಂದು ಮನೆಯ ಹುಡುಗ ಸೂಜಿ ಹಿಡಿದರೆ ಯಾರು ಹೊಣೆ? ನೀವು ತೆಗೆಯದಿದ್ದರೆ ಅಡ್ಮಿನ್ ತೆಗೆಯಲಿ.

ಅಡ್ಮಿನ್: ತೆಗೆದಿದ್ದೇನೆ.

ವಿಜಯನಗರ: ನನಗೂ ಒಂದು ಬಂದಿತ್ತು, ಬ್ಯಾಟರಿಯನ್ನು ದಿನಾ ಸೊನ್ನೆಗೆ ಇಳಿಸಿ ಆಮೇಲೆ ಚಾರ್ಜ್ ಮಾಡಬೇಕಂತೆ. ನಿಜವಾ?

ಸರ್ವಿಸ್‌ನವರು: ಸುಳ್ಳು. ಅದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಲಿಥಿಯಂ ಬ್ಯಾಟರಿಯನ್ನು ಸೊನ್ನೆಗೆ ಇಳಿಸಿದಷ್ಟೂ ಸವೆಯುತ್ತದೆ. ಇಡೀ ದಿನ ಚಾರ್ಜರಿನಲ್ಲೇ ಇರುವವರು ಸೆಟ್ಟಿಂಗ್‌ನಲ್ಲಿ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕ್ಕೊಳ್ಳಿ.

ಶ್ರೀರಂಗಪಟ್ಟಣ: ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿದೆ. ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೀನಿ. ಎಷ್ಟು ದಿನ ಇಡಬೇಕು?

ಸರ್ವಿಸ್‌ನವರು: ಈಗಲೇ ತೆಗೆಯಿರಿ. ಅಕ್ಕಿ ಕಾಫಿಯ ಹಾಲು ಸಕ್ಕರೆ ಹೀರಲ್ಲ, ಆ ಸಕ್ಕರೆಯೇ ಬೋರ್ಡನ್ನು ತಿನ್ನುವುದು. ಆನ್ ಮಾಡಿ ನೋಡಬೇಡಿ, ಚಾರ್ಜಿಗೂ ಹಾಕಬೇಡಿ. ಬೋರಲು ಹಾಕಿ ಇಡಿ, ನಾಳೆ ಅಂಗಡಿಗೆ ತನ್ನಿ.

ಪಾಂಡವಪುರ: ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ ಸರ್.

ಸರ್ವಿಸ್‌ನವರು: ಚಾರ್ಜರಿನ ಮೂರನೇ ಪಿನ್ ಮುರಿದಿದೆಯಾ ನೋಡಿ, ಇಲ್ಲವೇ ಮನೆಯ ಅರ್ಥಿಂಗ್ ಸರಿಯಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ. ಲ್ಯಾಪ್‌ಟಾಪಿಗಷ್ಟೇ ಅಲ್ಲ, ಗೀಸರಿಗೂ ಅದೇ ಅರ್ಥಿಂಗ್ ಅಲ್ವಾ?

ಸದಸ್ಯರು: ಪ್ರಿಂಟರ್ ಯಾವುದು ಒಳ್ಳೆಯದು?

ಹೆಬ್ಬಾಳದ ಐಟಿ ಉದ್ಯೋಗಿ: ಮ್ಯಾಕ್ ಬಗ್ಗೆ ಸರ್ ಏನೂ ಹೇಳಲೇ ಇಲ್ಲ. ರಿಪೇರಿಗೆ ಬರದ ವಸ್ತು ಅಂದರೆ ಇವರಿಗೆ ಇಷ್ಟ ಆಗಲ್ಲ ಬಿಡಿ.

ಕುವೆಂಪುನಗರದ ಪೋಷಕರು: ರೀ, ಅವರು ಬೆಳಿಗ್ಗೆಯಿಂದ ಪುಕ್ಕಟೆ ಉತ್ತರ ಕೊಡ್ತಿದ್ದಾರೆ. ಮಾತು ನೋಡ್ಕೊಂಡು ಆಡಿ.

ಹೆಬ್ಬಾಳದ ಐಟಿ ಉದ್ಯೋಗಿ: ನಾನು ನಿಮಗೆ ಹೇಳಲಿಲ್ಲ.

ಕುವೆಂಪುನಗರದ ಪೋಷಕರು: ನನ್ನ ಪ್ರಶ್ನೆ ಕೆಳಗೆ ತಾನೇ ಶುರು ಮಾಡಿದ್ದು? ಇಎಂಐ ನೀವು ಕಟ್ತೀರಾ?

ಸರ್ವಿಸ್‌ನವರು: ಸಾಲಿಡ್‌ವರ್ಕ್ಸ್ ವಿಂಡೋಸಿಗೆ ಮಾತ್ರ ಇರುವುದು. ಸಿವಿಲ್‌ನವರ ಡಿಸೈನ್ ಸಾಫ್ಟ್‌ವೇರ್ ರೆವಿಟ್ ಕೂಡ ಹಾಗೇ. ಆ ಹುಡುಗನಿಗೆ ಮ್ಯಾಕ್ ಆಗಲ್ಲ, ಅದಕ್ಕೇ ಹೇಳಲಿಲ್ಲ. ಮ್ಯಾಕ್ ಒಳ್ಳೆಯ ಮಷೀನು. ಬರವಣಿಗೆ, ಕೋಡಿಂಗ್ ಮಾಡುವವರು ತಗೊಳ್ಳಲಿ. ರ‍್ಯಾಮ್ ಆಮೇಲೆ ಹಾಕಿಸಲು ಆಗಲ್ಲ, ಮೊದಲೇ ಯೋಚನೆ ಮಾಡಿ ತಗೊಳ್ಳಬೇಕು.

ನಂಜನಗೂಡು: ಸರ್, ಬಿ.ಇ.ಗೆ 8 ಜಿಬಿ ಸಾಕಾ?

ಸರ್ವಿಸ್‌ನವರು: 16. ಮೇಲೆ ಓದಿ.

ಮದ್ದೂರು: ಒಂದು ಲ್ಯಾಪ್‌ಟಾಪ್ ಎಷ್ಟು ವರ್ಷ ಇಟ್ಕೊಳ್ಳಬಹುದು? ಮೂರಾ, ಐದಾ?

ಸರ್ವಿಸ್‌ನವರು: ವರ್ಷ ಎಣಿಸಬೇಡಿ. ಬ್ಯಾಟರಿ, ಎಸ್‌ಎಸ್‌ಡಿ, ಫ್ಯಾನ್, ಕೀಬೋರ್ಡ್ ಹೋದರೆ ಬದಲಾಯಿಸಿ ಇಟ್ಕೊಳ್ಳಿ. ಮದರ್‌ಬೋರ್ಡ್ ಹೋಗಿ, ರಿಪೇರಿಗೆ ಹೊಸದರ ಅರ್ಧ ಬೆಲೆ ಆಗುತ್ತದೆ ಅಂದರೆ ಬಿಡಿ. ಸೆಕ್ಯುರಿಟಿ ಅಪ್‌ಡೇಟ್ ನಿಂತು, ನಿಮಗೆ ಅದರಲ್ಲಿ ಹಣದ ವ್ಯವಹಾರ ಇದ್ದರೂ ಬಿಡಿ.

ಸದಸ್ಯರು: ಪ್ರಿಂಟರ್ ಬಗ್ಗೆ ಕೇಳಿದ್ದೆ. ಗೊತ್ತಿರುವವರಿಗೆ ಮಾತ್ರ ಉತ್ತರನಾ ಇಲ್ಲಿ?

ನಂಜನಗೂಡು: ಮೇಲೆ ಎಲ್ಲಿ ಸರ್? ಸಿಗಲಿಲ್ಲ.

ವಿದ್ಯಾರ್ಥಿನಿ (ಮಾರನೇ ದಿನ): ಸರ್, ಬೆಳಿಗ್ಗೆ ಇಲ್ಲೇ ಒಂದು ಅಂಗಡಿಯಲ್ಲಿ ಬಿಚ್ಚಿಸಿದೆ. ಮೂರು ಸೆಲ್‌ನಲ್ಲಿ ಎರಡು ಊದಿದ್ದವು. ಅಂಗಡಿಯವರು ಎರಡು ಬ್ಯಾಟರಿ ತೋರಿಸಿದರು. ಒಂದು ಅರ್ಧ ಬೆಲೆ, ಅದರ ಮೇಲೆ ಕಂಪನಿ ಹೆಸರೇ ಇಲ್ಲ. ಹಳೆಯದನ್ನು ಮನೆಗೆ ಒಯ್ತೀರಾ ಅಂತ ಕೇಳ್ತಿದ್ದಾರೆ.

ಸರ್ವಿಸ್‌ನವರು: ಅರ್ಧ ಬೆಲೆಯದು ಬೇಡಮ್ಮ. ಹಳೆಯ ಬ್ಯಾಟರಿಯ ಸ್ಟಿಕರ್ ಮೇಲಿನ ಪಾರ್ಟ್ ನಂಬರ್ ಮತ್ತು ವೋಲ್ಟ್ ಹೊಸದರ ಮೇಲೂ ಅದೇ ಇರಬೇಕು, ಪಕ್ಕಪಕ್ಕ ಇಟ್ಟು ನೀನೇ ಓದು. ವಾರಂಟಿ ಬರೆದ ಬಿಲ್ ಕೇಳು. ಹಳೆಯದನ್ನು ಮನೆಗೆ ಒಯ್ಯಬೇಡ, ಕಸದ ಗಾಡಿಗೂ ಹಾಕಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದ್ದು. ಇ-ವೇಸ್ಟ್‌ಗೆ ಕಳಿಸಿ ಅಂತ ಅಂಗಡಿಯಲ್ಲೇ ಕೊಟ್ಟು ಬಾ.

ವಿದ್ಯಾರ್ಥಿನಿ: ನಂಬರ್ ಹೊಂದುವುದು ನಾಡಿದ್ದು ಬರುತ್ತಂತೆ ಸರ್. ಈಗ ಬ್ಯಾಟರಿ ಇಲ್ಲದೆ ಚಾರ್ಜರಿನಲ್ಲೇ ಆನ್ ಆಯಿತು. ರಿಪೋರ್ಟ್ ಇದೆ.

ಸರ್ವಿಸ್‌ನವರು: ಮೊದಲು ಅದನ್ನು ಪೆನ್‌ಡ್ರೈವಿಗೆ ಕಾಪಿ ಮಾಡ್ಕೋ. ಬ್ಯಾಟರಿ ಇಲ್ಲ, ಕರೆಂಟ್ ಹೋದರೆ ತಕ್ಷಣ ಆಫ್ ಆಗುತ್ತದೆ.