ಸಹಾಯ ಬೇಕು: ಅಪ್ಪ ಹೋದ ಮೇಲೆ ನಾನು ಯಾರು ಅಂತಲೇ ತಿಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಇಳಕಲ್‌ನವನು, ವಯಸ್ಸು 34. ಅಪ್ಪ ತೀರಿಕೊಂಡು ಐದು ತಿಂಗಳಾಯಿತು.

ನಮ್ಮದು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕೈಮಗ್ಗ. ಸೀರೆಯ ಒಡಲಿನ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಸೆರಗಿನ ಹಾಸಿನ ಜೊತೆ ಕುಣಿಕೆಯಂತೆ ಜೋಡಿಸಿ ಅಪ್ಪ ಕೊಂಡಿ ಹಾಕುವಾಗ ನಾನು ಎದುರು ಕೂತು ಎಳೆ ಕೊಡುತ್ತಿದ್ದೆ. ಒಂದೊಂದೇ ಎಳೆ. ಜಾಸ್ತಿ ಮಾತೇ ಇರುತ್ತಿರಲಿಲ್ಲ. ಅರ್ಧ ನೇಯ್ದ ಸೀರೆ ಇನ್ನೂ ಹಾಗೇ ಇದೆ. ಕುಣಿಗೆ ಕಾಲು ಇಳಿಬಿಟ್ಟರೆ ಕೈ ನಡುಗುತ್ತದೆ. ಅವ್ವ ದಿನಾ ಸಂಜೆ ಮಗ್ಗದ ಧೂಳು ಒರೆಸುತ್ತಾಳೆ, ಏನೂ ಕೇಳುವುದಿಲ್ಲ.

ನನಗೆ ಇಷ್ಟವಿದ್ದದ್ದು ನೇಯ್ಗೆಯಾ, ಅಪ್ಪನ ಎದುರು ಕೂರುವುದಾ? ಅದೇ ಗೊತ್ತಾಗುತ್ತಿಲ್ಲ. ಮಗ್ಗ ಸಾಕು ಅನಿಸಿದ ದಿನ ಅಪ್ಪನಿಗೆ ಮೋಸ ಮಾಡಿದ ಹಾಗೆ ಸಂಕಟವಾಗುತ್ತದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಒಮ್ಮೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ಮನಸ್ಸು ಸ್ವಲ್ಪ ಹಗುರಾಯಿತು. ಆದರೆ ಎದುರು ಕೂತು ಮಾತಾಡಬೇಕು ಅನಿಸುತ್ತಿದೆ. ಬಾಗಲಕೋಟೆ, ಹುನಗುಂದ ಕಡೆ ಸಮಾಧಾನದಿಂದ ಕೇಳಿಸಿಕೊಳ್ಳುವ ಆಪ್ತಸಮಾಲೋಚಕರು ಗೊತ್ತಿದ್ದರೆ ತಿಳಿಸಿ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ಬಂದವರಿದ್ದರೆ, ಮೊದಲ ದಿನ ಏನು ಕೇಳುತ್ತಾರೆ ಹೇಳಿ.

ಅಪ್ಪನ ಕಸುಬು ಬಿಟ್ಟವರೂ ಬರೆಯಿರಿ, ಹಿಡಿದುಕೊಂಡವರೂ ಬರೆಯಿರಿ. ರಾತ್ರಿ ನಿದ್ದೆ ಬರುವುದಿಲ್ಲ, ಎಷ್ಟು ಹೊತ್ತಾದರೂ ಓದುತ್ತೇನೆ.