ಅಪ್ಪ ಹಕ್ಕಿ ಬಾರದ ಪುಟ: ನಾಲ್ಕು ವರ್ಷದ ಮಗಳಿಗೆ ಈ ಪುಸ್ತಕ ಓದಿ ಹೇಳಬಹುದೇ?

ಕಾರವಾರ ಕೋಡಿಬಾಗದವಳು, ಈಗ ಮಸ್ಕತ್:

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಣ್ಣ ನನ್ನ ಮಗಳಿಗೆ ಮಂಗಟ್ಟೆ ಹಕ್ಕಿಯ ಸಂಸಾರದ ಕಥೆಯಿರುವ ಚಿತ್ರಪುಸ್ತಕವೊಂದನ್ನು ಕೊಡಿಸಿದ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕುಳಿತು ಪೊಟರೆಯ ಬಾಯನ್ನು ಮೆತ್ತಿಕೊಳ್ಳುತ್ತದೆ. ಉಳಿದ ಸಣ್ಣ ಸೀಳಿನಿಂದ ಗಂಡು ಹಕ್ಕಿ ಹಣ್ಣು ಉಣಿಸುತ್ತದೆ. ಹದಿಮೂರನೆಯ ಪುಟದಲ್ಲಿ ಗಂಡು ಬರುವುದಿಲ್ಲ. ಪುಟದ ತುಂಬ ಕಪ್ಪು ಕಾಡು, ಸೀಳಿನಿಂದ ಹೊರಚಾಚಿದ ಖಾಲಿ ಕೊಕ್ಕು, ಅಷ್ಟೇ. ನಾಲ್ಕು ಪುಟ ದಾಟಿದರೆ ಅದು ರೆಕ್ಕೆಗೆ ಪೆಟ್ಟು ಮಾಡಿಕೊಂಡು ಮರಳುತ್ತದೆ, ಆದರೆ ನನ್ನ ಮಗಳು ಅಲ್ಲಿಯವರೆಗೆ ಹೋಗಲು ಬಿಡುವುದಿಲ್ಲ. ಆ ಪುಟ ಬಂದೊಡನೆ ಅಂಗೈಯಿಂದ ಚಿತ್ರವನ್ನು ಮುಚ್ಚಿ, ಪಪ್ಪ ಯಾವಾಗ ಬರುತ್ತಾರೆ ಎಂದು ಕೊಂಕಣಿಯಲ್ಲಿ ಕೇಳುತ್ತಾಳೆ. ನನ್ನವರು ಹಡಗಿನಲ್ಲಿದ್ದಾರೆ, ಇಳಿಯುವುದು ಸೆಪ್ಟೆಂಬರಿನಲ್ಲಿ. ವಿಚಿತ್ರವೆಂದರೆ ಮರುದಿನ ರಾತ್ರಿ ಅದೇ ಪುಸ್ತಕವನ್ನು ಅವಳೇ ಹೊತ್ತು ತರುತ್ತಾಳೆ. ಓದಲೇ, ಅಡಗಿಸಿಡಲೇ?

ಶಿರಸಿಯವಳು, ಈಗ ಸ್ಟುಟ್‌ಗಾರ್ಟ್:

ತಂಗಿ, ನಾನು ಇಲ್ಲಿಯ ಶಿಶುವಿಹಾರದಲ್ಲಿ ಕೆಲಸ ಮಾಡುತ್ತೇನೆ. ನಾಲ್ಕರ ಮಕ್ಕಳಿಗೆ ಪುಸ್ತಕ ಆರಿಸುವಾಗ ರಕ್ಷಾಪುಟದ ಮೇಲಿನ ವಯಸ್ಸನ್ನು ನಾನು ಹೆಚ್ಚು ನಂಬುವುದಿಲ್ಲ. ಮೊದಲು ಒಬ್ಬಳೇ ಕುಳಿತು ಗಟ್ಟಿಯಾಗಿ ಓದಿ, ಅಂಜಿಕೆಯ ಪುಟದಿಂದ ನೆಮ್ಮದಿಯ ಪುಟಕ್ಕೆ ಎಷ್ಟು ಹಾಳೆ ಮಗುಚಬೇಕು ಎಂದು ಎಣಿಸುತ್ತೇನೆ. ಈ ವಯಸ್ಸಿಗೆ ಒಂದೆರಡು ಸಾಕು, ನಾಲ್ಕು ಪುಟ ಹೆಚ್ಚೇ ಆಯಿತು. ಇನ್ನೊಂದು ಪರೀಕ್ಷೆ, ಬರಹವನ್ನು ಮುಚ್ಚಿ ಚಿತ್ರ ಮಾತ್ರ ತೋರಿಸುವುದು. ಮಗು ತಾನಾಗಿ ಕಥೆ ಕಟ್ಟಿದರೆ ಪುಸ್ತಕ ಅದರ ಕೈಗೆ ದಕ್ಕಿದೆ ಎಂದು ತಿಳಿಯಬಹುದು. ಹೆದರಿದ ಮಗು ಪುಸ್ತಕವನ್ನು ಮಂಚದಡಿ ತಳ್ಳುತ್ತದೆ, ನಿಮ್ಮವಳು ಹೊತ್ತು ತರುತ್ತಿದ್ದಾಳೆ. ಆದ್ದರಿಂದ ಅಡಗಿಸಬೇಡಿ. ಮಲಗುವ ಹೊತ್ತಿಗೆ ಬೇಡ, ಹಗಲಿನಲ್ಲಿ ಓದಿ. ಮರಳಿ ಬಂದ ಪುಟವನ್ನೇ ಮೊದಲು ತೋರಿಸಿ.

ಹೊನ್ನಾವರದವನು, ಈಗ ಟೊರೊಂಟೊ:

ಕ್ಷಮಿಸಿ, ಪರದೇಶಕ್ಕೆ ಬಂದ ಮೇಲೆ ನಾವು ಮಕ್ಕಳನ್ನು ಗಾಜಿನ ಸಾಮಾನಿನಂತೆ ಹಿಡಿಯುವುದನ್ನು ಕಲಿತುಬಿಟ್ಟಿದ್ದೇವೆ. ನಾಲ್ಕನೆಯ ವಯಸ್ಸಿನಲ್ಲಿ ನಾನು ಅಜ್ಜನ ಜೊತೆ ಗದ್ದೆಬಯಲಿನಲ್ಲಿ ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದವನು. ಚಂಡೆಯ ಪೆಟ್ಟಿಗೆ ಎದೆ ನಡುಗುತ್ತಿತ್ತು, ಬಣ್ಣದ ವೇಷ ಅಬ್ಬರಿಸಿದರೆ ಕಣ್ಣು ಮುಚ್ಚುತ್ತಿದ್ದೆ, ಆದರೂ ಮರುದಿನ ಅಂಗಳದಲ್ಲಿ ನಾನೇ ರಾಕ್ಷಸನಾಗಿ ಕುಣಿಯುತ್ತಿದ್ದೆ. ಆಗ ಯಾರೂ ಹಾಳೆ ಎಣಿಸಲಿಲ್ಲ. ಅಷ್ಟಕ್ಕೂ ಈ ದೇಶಗಳಲ್ಲಿ ಕನ್ನಡ ಅಕ್ಷರವಿರುವ ಪುಸ್ತಕವೊಂದು ಮಗುವಿನ ಕೈಯಲ್ಲಿರುವುದೇ ದೊಡ್ಡ ಮಾತು. ಅದು ಸೂಕ್ತವೋ ಅಲ್ಲವೋ ಎಂದು ತೂಗುತ್ತ ಕೂತರೆ, ತೂಗುವಷ್ಟರಲ್ಲಿ ಮಗುವಿನ ನಾಲಿಗೆಯಿಂದ ಕನ್ನಡವೇ ಹೋಗಿರುತ್ತದೆ. ನನ್ನ ಮಗ ಒಂಬತ್ತನೆಯ ವರ್ಷಕ್ಕೇ ಕನ್ನಡ ಪತ್ರಿಕೆಯ ತಲೆಬರಹಗಳನ್ನು ಓದುತ್ತಿದ್ದ, ಏಕೆಂದರೆ ನಾನು ಯಾವುದನ್ನೂ ಅವನಿಂದ ಮರೆಮಾಡಲಿಲ್ಲ.

ಕುಮಟೆಯವಳು, ಈಗ ಲೆಸ್ಟರ್:

ಹೊನ್ನಾವರದ ಅಣ್ಣನವರ ಮಾತು ನನ್ನನ್ನು ಚುಚ್ಚಿತು. ಮಗಳು ಹುಟ್ಟಿದಾಗ ಊರಿನಿಂದ ಇಪ್ಪತ್ತು ಪುಸ್ತಕ ತಂದಿದ್ದೆ. ಒಂದರಲ್ಲಿ ಭಾಷೆ ಗಡುಸು, ಇನ್ನೊಂದರಲ್ಲಿ ಹುಲಿಯ ಚಿತ್ರ ಭೀಕರ ಎಂದು, ದೊಡ್ಡವಳಾಗಲಿ ಎಂದುಕೊಂಡು ಎಲ್ಲವನ್ನೂ ಕಪಾಟಿನ ಮೇಲಿನ ಅಂಕಣದಲ್ಲಿಟ್ಟೆ. ಈಗ ಅವಳಿಗೆ ಹದಿನೇಳು. ಕಳೆದ ತಿಂಗಳು ಧೂಳು ಒರೆಸುವಾಗ ಒಂದನ್ನು ಎತ್ತಿ, ಇದು ಯಾವ ಭಾಷೆಯದ್ದು, ತೆಲುಗೇ ಎಂದು ಕೇಳಿದಳು.

ದಾಂಡೇಲಿಯವನು, ಈಗ ಸಿಡ್ನಿ:

ಮೂಲ ಪ್ರಶ್ನೆಗೆ ಇದು ನೇರ ಉತ್ತರವಲ್ಲ, ಆದರೂ ಹೇಳುತ್ತೇನೆ. 2011ರಲ್ಲಿ ನಮ್ಮ ದಾಂಡೇಲಿ ಭಾಗದ ಕಾಡನ್ನು ಮಂಗಟ್ಟೆಗಳ ಸಂರಕ್ಷಣೆಗೆಂದೇ ಮೀಸಲಿಟ್ಟ ಮೇಲೂ ನಮ್ಮವರೇ ಈ ಹಕ್ಕಿಯನ್ನು ತಪ್ಪಾಗಿ ಬರೆಯುತ್ತಾರೆ. ದೊಡ್ಡ ಮಂಗಟ್ಟೆಯಲ್ಲಿ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ನಿಮ್ಮ ಪುಸ್ತಕದಲ್ಲಿ ಎರಡೂ ಕೆಂಪಾಗಿದ್ದರೆ ಅಂಥ ಪುಸ್ತಕ ಯಾವ ವಯಸ್ಸಿಗೂ ಸೂಕ್ತವಲ್ಲ ಎಂಬುದು ನನ್ನ ಅಭಿಪ್ರಾಯ. ಪೊಟರೆ ಮೆತ್ತುವ ಚಿತ್ರ ಸರಿಯಾಗಿದೆಯೇ ಎಂಬುದನ್ನೂ ನೋಡಿ: ಹೆಣ್ಣು ಒಳಗಿನಿಂದಲೇ ತನ್ನ ಹಿಕ್ಕೆಯನ್ನು ಬಳಸಿ ಮೆತ್ತುತ್ತದೆ. ಮಕ್ಕಳಿಗೆ ಇದು ಬಹಳ ಇಷ್ಟವಾಗುವ ವಿವರ.

ಶಿರಸಿಯವಳು:

ಟೊರೊಂಟೊದ ಅಣ್ಣನವರೇ, ನಿಮ್ಮ ನೆನಪು ನನ್ನ ಮಾತಿಗೇ ಸಾಕ್ಷಿಯಾಗಿದೆ. ಆಟದಲ್ಲಿ ರಾಕ್ಷಸ ಏಕಾಏಕಿ ಕಣ್ಣೆದುರು ನಿಲ್ಲುತ್ತಿದ್ದನೇ? ಇಬ್ಬರು ತೆರೆ ಹಿಡಿಯುತ್ತಿದ್ದರು. ಮೊದಲು ಕಿರೀಟದ ತುದಿ, ಆಮೇಲೆ ಕೈ, ಆಮೇಲೆ ಬೆನ್ನು. ಮುಖ ಕಾಣುವ ಹೊತ್ತಿಗೆ ಮಗು ಅಂಜಿಕೆಗೆ ಸಿದ್ಧವಾಗಿರುತ್ತಿತ್ತು. ಜೊತೆಗೆ ಅಜ್ಜನ ಕಂಬಳಿಯಿತ್ತು. ಬೇಕೆನಿಸಿದಾಗ ಮುಖ ಹುದುಗಿಸಿ, ಸಾಕೆನಿಸಿದಾಗ ಹೊರಗೆ ಇಣುಕಬಹುದಿತ್ತು. ಆ ಮಗುವಿನ ಅಂಗೈ ಅದೇ ಕಂಬಳಿ. ಅದನ್ನು ಸರಿಸಿ ಬಲವಂತವಾಗಿ ತೋರಿಸಬಾರದು ಎಂದಷ್ಟೇ ನಾನು ಹೇಳುತ್ತಿರುವುದು.

ಹೊನ್ನಾವರದವನು:

ಬಲವಂತ ಮಾಡಿರೆಂದು ನಾನು ಎಲ್ಲಿಯೂ ಬರೆದಿಲ್ಲ. ಸಮಸ್ಯೆ ಒಂದು ಪುಸ್ತಕದ್ದಲ್ಲ, ನಮ್ಮ ಮನೋಭಾವದ್ದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡಕ್ಕೆ ಉಳಿದದ್ದು ಮಲಗುವ ಮುಂಚಿನ ಹತ್ತು ನಿಮಿಷ. ಅದನ್ನೂ ಹಗಲಿಗೆ ತಳ್ಳಿ ಎನ್ನುತ್ತೀರಿ. ಹಗಲಿನಲ್ಲಿ ಯಾವ ತಾಯಿಗೆ ಬಿಡುವಿದೆ?

ಕುಮಟೆಯವಳು:

ನನಗಂತೂ ಇರಲಿಲ್ಲ.

ಅಂಕೋಲೆಯವನು, ಈಗ ಆಕ್ಲೆಂಡ್:

ಚರ್ಚೆ ಮೂಲ ಪ್ರಶ್ನೆಯಿಂದ ದೂರ ಹೋಗಿದೆ. ಒಂದೇ ಪುಸ್ತಕವಿದ್ದಾಗ ಅದರ ಮೇಲೆ ಇಷ್ಟು ಭಾರ ಬೀಳುತ್ತದೆ. ಹತ್ತಿದ್ದರೆ ಮಗುವೇ ಆರಿಸುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದಲ್ಲೂ ಕೊಂಕಣಿಯಲ್ಲೂ ಚಿತ್ರಕಥೆಗಳು ಉಚಿತವಾಗಿವೆ. ಓದಿನ ನಾಲ್ಕು ಹಂತಗಳನ್ನು ಮಾಡಿದ್ದಾರೆ. ಪುಟಕ್ಕೆ ಒಂದೆರಡು ಚಿಕ್ಕ ವಾಕ್ಯಗಳಿರುವ ಮೊದಲ ಹಂತದಿಂದ ತೊಡಗಿ. ಮುದ್ರಿಸಿಕೊಳ್ಳಲು ಅನುಮತಿಯಿದೆ, ನಾವು ಮುದ್ರಿಸಿ ನಡುವೆ ಹೊಲಿಗೆ ಹಾಕಿ ಇಟ್ಟಿದ್ದೇವೆ, ಏಕೆಂದರೆ ಫೋನಿನಲ್ಲಿ ತೋರಿಸಿದರೆ ಮಗ ಹಾಳೆ ತಿರುವುವ ಬದಲು ಬೇರೆಲ್ಲಿಗೋ ಜಾರುತ್ತಾನೆ. ಪುಸ್ತಕದ ಕನ್ನಡ ಗ್ರಾಂಥಿಕವೆನಿಸಿದರೆ ನಿಮ್ಮ ಮನೆಯ ಮಾತಿಗೆ ತಿರುಗಿಸಿ ಹೇಳಿ. ‘ಆಹಾರವನ್ನರಸುತ್ತ ಹೊರಟಿತು’ ಎಂಬುದಕ್ಕೆ ನಾಲ್ಕರ ಮಗು ಏನು ಮಾಡೀತು?

ಕೋಡಿಬಾಗದವಳು:

ಎಲ್ಲರಿಗೂ ಕೃತಜ್ಞತೆಗಳು. ಬಿಡುವಿನ ವಿಷಯದಲ್ಲಿ ಹೊನ್ನಾವರದ ಅಣ್ಣನವರ ಮಾತು ನಿಜವೇ. ನಿನ್ನೆ ಶುಕ್ರವಾರ, ರಜೆ ಇದ್ದುದರಿಂದ ಹಗಲಿನಲ್ಲಿ ಕೂರಲಾಯಿತು. ಶಿರಸಿಯ ಅಕ್ಕ ಹೇಳಿದಂತೆ ಮರಳಿ ಬಂದ ಪುಟವನ್ನೇ ಮೊದಲು ತೆಗೆದೆ. ಅವಳು ಅಲ್ಲಿಗೆ ತನ್ನ ತೋರುಬೆರಳನ್ನು ಸಿಕ್ಕಿಸಿಟ್ಟುಕೊಂಡು, ಇನ್ನೊಂದು ಕೈಯಿಂದ ಮೊದಲಿನಿಂದ ಹಾಳೆ ತಿರುವತೊಡಗಿದಳು. ಕಪ್ಪು ಕಾಡಿನ ಪುಟದಲ್ಲಿ ಚಿತ್ರವನ್ನು ಮುಚ್ಚಲು ಕೈ ಖಾಲಿ ಇರಲಿಲ್ಲ. ಬೆರಳಿಟ್ಟ ಪುಟವನ್ನು ಒಮ್ಮೆ ತೆರೆದು ನೋಡಿ, ಇದ್ದಾನೆ ಎಂದು ಖಚಿತಪಡಿಸಿಕೊಂಡು, ಮುಂದೆ ಹೋದಳು. ಎರಡೂ ಹಕ್ಕಿಗಳ ಕಣ್ಣು ಕೆಂಪಾಗಿಯೇ ಇತ್ತು. ದಾಂಡೇಲಿಯ ಅಣ್ಣನವರ ಸಮಾಧಾನಕ್ಕೆ ಹೆಣ್ಣಿನ ಕಣ್ಣುಗಳಿಗೆ ವೈಟ್ನರ್ ಹಚ್ಚಿದ್ದೇವೆ. ಒಂದು ಪುಟದಲ್ಲಿ ಅದು ಕೊಕ್ಕಿನ ಮೇಲೆಲ್ಲ ಹರಿದಿದೆ.

ಆಗಸ್ಟಿನಲ್ಲಿ ಕಾರವಾರದಿಂದ ಮಸ್ಕತ್‌ಗೆ ಬರುವವರು ಯಾರಾದರೂ ಇದ್ದರೆ ತಿಳಿಸಿ, ಅಣ್ಣನ ಕೈಯಲ್ಲಿ ಇನ್ನೂ ನಾಲ್ಕು ಪುಸ್ತಕ ಕೊಡಿಸಿ ಕಳಿಸುತ್ತೇನೆ. ತೂಕ ಒಂದು ಕಿಲೋ ದಾಟುವುದಿಲ್ಲ.