1991ರ ಎಂಎಕ್ಸ್-5, 1.6 ಎಂಜಿನ್: ಟರ್ಬೋ ಹಾಕುವ ಮುಂಚೆ ಏನೇನು ನೋಡಬೇಕು?

ಕೆಂಪುರೋಡ್‌ಸ್ಟರ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1991ರ ಮಾಜ್ದಾ ಎಂಎಕ್ಸ್-5 ಇದೆ. 1.6 ಎಂಜಿನ್, ಐದು ಗೇರು. ಆರು ವರ್ಷದಿಂದ ಓಡಿಸುತ್ತಿದ್ದೇನೆ, ರಿಪೇರಿಯನ್ನೂ ನಾನೇ ಮಾಡಿಕೊಳ್ಳುತ್ತೇನೆ. ಕ್ಲಚ್, ವಾಟರ್ ಪಂಪ್ ಎಲ್ಲ ನನ್ನ ಕೈಯಲ್ಲೇ ಆಗಿದೆ. ಹೋದ ವರ್ಷ ಟೈಮಿಂಗ್ ಬೆಲ್ಟ್ ಬದಲಾಯಿಸಿದೆ.

ತಿರುವಿನಲ್ಲಿ ಈ ಕಾರು ಕೊಡುವ ಖುಷಿ ನನಗೆ ಬೇರೆ ಯಾವ ಕಾರಿನಲ್ಲೂ ಸಿಕ್ಕಿಲ್ಲ. ಆದರೆ ತಿರುವು ದಾಟಿ ಏರು ಬಂತು ಅಂದ್ರೆ ಉಸಿರು ಸಾಲುವುದಿಲ್ಲ. ಹೊಸದಿದ್ದಾಗಲೇ 115 ಎಚ್‌ಪಿ. ಈಗ ಮೊದಲಿಗಿಂತಲೂ ಮಂದ ಅನ್ನಿಸುತ್ತಿದೆ. ವಯಸ್ಸಾಯ್ತು ಅಂತ ಸುಮ್ಮನಿದ್ದೇನೆ.

ಅದಕ್ಕೇ ಟರ್ಬೋ (ಎಕ್ಸಾಸ್ಟ್ ಹೊಗೆಯ ಬಲದಿಂದ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪು) ಹಾಕುವ ಆಸೆ. ರೇಸ್‌ಗೆ ಅಲ್ಲ. 170-180 ಎಚ್‌ಪಿ ಬಂದರೆ ಧಾರಾಳ. ಬಳಸಿದ ಗ್ಯಾರೆಟ್ ಜಿಟಿ2554ಆರ್ ಟರ್ಬೋ ಒಂದು, ಅದನ್ನು ಎಂಜಿನ್‌ಗೆ ಜೋಡಿಸುವ ಮ್ಯಾನಿಫೋಲ್ಡ್ ಸಮೇತ ಸಿಕ್ಕಿದೆ. ಅದರ ಜೊತೆ ಫ್ಯೂಯಲ್ ಪ್ರೆಷರ್ ರೆಗ್ಯುಲೇಟರ್ ಕೂಡ ಬರುತ್ತದೆ, ಬೂಸ್ಟ್ (ಟರ್ಬೋ ತುಂಬುವ ಗಾಳಿಯ ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ) ಏರಿದ ಹಾಗೆ ಪೆಟ್ರೋಲ್ ಒತ್ತಡ ಏರಿಸುವಂಥದ್ದು. ಅದಿದ್ದರೆ ಹಳೇ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೆಟ್ರೋಲ್ ಚಿಮ್ಮಿಸುವ ಹಳೇ ಇಂಜೆಕ್ಟರ್‌ಗಳಲ್ಲೇ 8 ಪಿಎಸ್‌ಐ ಬೂಸ್ಟ್ ಓಡಿಸಬಹುದು ಅಂತ ಮಾರುವವರು ಹೇಳುತ್ತಾರೆ. ಹೌದಾ? ಇಂಟರ್‌ಕೂಲರ್ (ಟರ್ಬೋದಿಂದ ಬರುವ ಬಿಸಿ ಗಾಳಿ ತಣ್ಣಗೆ ಮಾಡುವುದು) ಈಗಲೇ ಬೇಕಾ, ಆಮೇಲೆ ಹಾಕಿದರೆ ಆಗುತ್ತಾ?

ಎಂಜಿನ್ ಬಗ್ಗೆ ಗೊತ್ತಿರುವಷ್ಟು ಹೇಳುತ್ತೇನೆ. ಆಯಿಲ್ ಒತ್ತಡ ಚೆನ್ನಾಗಿದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಟಿಕ್ ಟಿಕ್ ಸದ್ದು. ಇಗ್ನಿಷನ್ ಟೈಮಿಂಗ್ (ಕಿಡಿ ಎಷ್ಟು ಮುಂಚೆ ಹಾರಬೇಕು ಅನ್ನುವುದು) 10 ಡಿಗ್ರಿಯಿಂದ 14ಕ್ಕೆ ಏರಿಸಿದ್ದೇನೆ. ಮುಂದಿನ ದೊಡ್ಡ ಪುಲ್ಲಿ ತಿರುಗುವಾಗ ಚೂರು ಅಲುಗಾಡಿದ ಹಾಗೆ ಕಾಣುತ್ತದೆ. ಬೆಲ್ಟ್ ಹಳೆಯದು, ಅದರಿಂದ ಇರಬಹುದು.

ನಿಧಾನಸವಾರ:

ನಾನಾಗಿದ್ದರೆ ಮೊದಲು 1.8 ಎಂಜಿನ್ ಹುಡುಕುತ್ತಿದ್ದೆ. 1994ರಿಂದ ಬಂದ ಕಾರುಗಳದ್ದು. ಅದೇ ಜಾಗದಲ್ಲಿ ಕೂರುತ್ತದೆ. ಜೊತೆಗೆ ಆ ಕಾರಿನ 7 ಇಂಚಿನ ಡಿಫರೆನ್ಷಿಯಲ್ಲನ್ನೂ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರು ಪೆಟ್ಟಿಗೆ) ತೆಗೆದುಕೊಳ್ಳಿ. ನಿಮ್ಮ 1.6ರಲ್ಲಿರುವುದು 6 ಇಂಚಿನದ್ದು, ಟರ್ಬೋ ಹಾಕಿದ ಮೇಲೆ ಮೊದಲು ಮುರಿಯುವುದು ಅದೇ. ಟರ್ಬೋ ಕನಸು ಬಿಡಿ ಅಂತ ಹೇಳುತ್ತಿಲ್ಲ. ಆದರೆ ಶಕ್ತಿ ಎಂಜಿನ್‌ನಿಂದ ಹಿಂದಿನ ಚಕ್ರದವರೆಗೆ ಹೋಗಬೇಕಲ್ವಾ?

ಗ್ರೀಸ್‌ಕೈ:

ನಿಮ್ಮದೇ ಕಾರು, ನಿಮ್ಮದೇ ಎಂಜಿನ್, ಅದೇ 8 ಪಿಎಸ್‌ಐ. ಹನ್ನೊಂದು ವರ್ಷದ ಹಿಂದೆ ನಾನು ಇದೇ ದಾರಿಯಲ್ಲಿ ಹೋಗಿ ಒಂದು ಎಂಜಿನ್ ಕಳೆದುಕೊಂಡೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ರೆಗ್ಯುಲೇಟರ್ ವಿಷಯ. ನಾನೂ ಅದನ್ನೇ ಹಾಕಿದ್ದೆ. ಇಂಜೆಕ್ಟರ್‌ನಿಂದ ಎರಡರಷ್ಟು ಪೆಟ್ರೋಲ್ ಬೇಕಾದರೆ ಒತ್ತಡ ಎರಡರಷ್ಟು ಏರಿದರೆ ಸಾಲದು, ನಾಲ್ಕರಷ್ಟು ಏರಬೇಕು. ಹಳೇ ಪಂಪಿಗೆ ಅಷ್ಟು ತಾಕತ್ತಿಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಎಲ್ಲ ಸರಿಯಿತ್ತು. ಮೇಲೆ ಹೋದಂತೆ ಪೆಟ್ರೋಲ್ ಕಮ್ಮಿಯಾಗುತ್ತಿತ್ತು. ಅದನ್ನು ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ (ಎಕ್ಸಾಸ್ಟ್‌ನಿಂದ ಗಾಳಿ-ಪೆಟ್ರೋಲ್ ಅನುಪಾತ ಅಳೆಯುವುದು) ನನ್ನ ಕಾರಿನಲ್ಲಿ ಇರಲೇ ಇಲ್ಲ. "ಕಾರು ಚೆನ್ನಾಗಿ ಎಳೀತಿದೆ" ಅನ್ನುವುದೊಂದೇ ನನ್ನ ಅಳತೆ.

ಇನ್ನೊಂದು, ಟೈಮಿಂಗ್. ಬೂಸ್ಟ್ ಬಂದಾಗ ಕಿಡಿಯನ್ನು ಹಿಂದಕ್ಕೆ ತರಬೇಕು, ಅಂದರೆ ತಡ ಮಾಡಬೇಕು. ಒಂದು ಪಿಎಸ್‌ಐಗೆ ಸುಮಾರು ಒಂದು ಡಿಗ್ರಿ ಅಂತ ಶುರು ಮಾಡುವುದು ರೂಢಿ. ಹಳೇ ಇಸಿಯುಗೆ ಬೂಸ್ಟ್ ಅನ್ನುವುದೇ ಗೊತ್ತಿಲ್ಲ. ಅದರ ಮೇಲೆ ನನ್ನ ಕಾರೂ ನಿಮ್ಮದರ ಹಾಗೆ 14 ಡಿಗ್ರಿಯಲ್ಲಿತ್ತು.

ಒಂದು ಬಿಸಿ ಮಧ್ಯಾಹ್ನ, ಉದ್ದನೆಯ ಏರು, ನಾಲ್ಕನೇ ಗೇರು, ಕಾಲು ಪೂರ್ತಿ ಕೆಳಗೆ. ಕಾರಿನ ಟಾಪ್ (ಮೇಲ್ಛಾವಣಿ) ತೆಗೆದಿದ್ದೆ, ಎಕ್ಸಾಸ್ಟ್ ಸದ್ದು ಬೇರೆ. ನಾಕಿಂಗ್ (ಪೆಟ್ರೋಲ್ ಹೊತ್ತಿಲ್ಲದ ಹೊತ್ತಲ್ಲಿ ಸ್ಫೋಟಿಸುವುದು) ಆಗುತ್ತಿದ್ದರೂ ಕೇಳುವ ಹಾಗಿರಲಿಲ್ಲ. ಈ ಎಂಜಿನ್‌ಗೆ ನಾಕ್ ಸೆನ್ಸರೂ ಇಲ್ಲ. ಮೇಲೆ ತಲುಪಿದಾಗ ಹಿಂದೆಲ್ಲ ನೀಲಿ ಹೊಗೆ. ಡಿಪ್‌ಸ್ಟಿಕ್ ಅರ್ಧ ಮೇಲೆ ಬಂದಿತ್ತು. ಮನೆಗೆ ತಂದು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ) ನೋಡಿದೆ. ಮೂರು ಸಿಲಿಂಡರ್ 170ರ ಮೇಲೆ, ನಾಲ್ಕನೆಯದು 60. ಪಿಸ್ಟನ್‌ನಲ್ಲಿ ಎರಡು ರಿಂಗುಗಳ ನಡುವಿನ ಅಂಚು ಒಡೆದು ಹೋಗಿತ್ತು. ಆ ಚೂರನ್ನು ಈಗಲೂ ಟೂಲ್‌ಬಾಕ್ಸ್‌ನಲ್ಲಿ ಇಟ್ಟುಕೊಂಡಿದ್ದೇನೆ.

ನಾಲ್ಕನೆಯದೇ ಯಾಕೆ ಅಂತ ಆಮೇಲೆ ಅರ್ಥವಾಯಿತು. ಈ ಸರಣಿಯ ಎಂಜಿನ್ ಮೊದಲು ಮುಂದಿನ ಚಕ್ರ ಓಡಿಸುವ ಕಾರುಗಳಲ್ಲಿ ಅಡ್ಡ ಕೂರುತ್ತಿತ್ತು. ಆಗ ಬಿಸಿ ನೀರು ಹೆಡ್ಡಿನ (ಎಂಜಿನ್‌ನ ಮೇಲ್ಭಾಗದ) ಹಿಂದಿನ ತುದಿಯಿಂದ ಹೊರಗೆ ಹೋಗುತ್ತಿತ್ತು. ಎಂಎಕ್ಸ್-5ರಲ್ಲಿ ಎಂಜಿನ್ ಉದ್ದಕ್ಕೆ ಕೂತಿತು, ಥರ್ಮೋಸ್ಟಾಟ್ ಮುಂದಕ್ಕೆ ಬಂತು. ನೀರು ಮುಂದಿನಿಂದ ಒಳಗೆ, ಮುಂದಿನಿಂದಲೇ ಹೊರಗೆ. ಹಿಂದಿನ ಸಿಲಿಂಡರ್‌ಗಳಿಗೆ ತಂಪು ಕಡಿಮೆ. ಕಾರ್ಖಾನೆಯ 115 ಎಚ್‌ಪಿಗೆ ಅದು ಸಾಕಾಗುತ್ತಿತ್ತು. ಟರ್ಬೋ ಹಾಕಿದ ಮೇಲೆ ಸಾಕಾಗುವುದಿಲ್ಲ. ಹೊರಹೋಗುವ ದಾರಿಯನ್ನು ಮತ್ತೆ ಹಿಂದಕ್ಕೆ ಒಯ್ಯುವುದಕ್ಕೆ ಕೂಲೆಂಟ್ ರೀರೂಟ್ ಅನ್ನುತ್ತಾರೆ. ಎರಡನೇ ಎಂಜಿನ್‌ಗೆ ನಾನು ಎಲ್ಲಕ್ಕಿಂತ ಮೊದಲು ಮಾಡಿದ ಕೆಲಸ ಅದೇ.

ಇಂಟರ್‌ಕೂಲರ್ ಈಗಲೇ ಬೇಕು. ಕಂಪ್ರೆಸರ್ 70% ದಕ್ಷತೆಯಲ್ಲಿ ಓಡುತ್ತಿದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿ. 25 ಡಿಗ್ರಿ ಗಾಳಿಯನ್ನು 8 ಪಿಎಸ್‌ಐಗೆ ಒತ್ತಿದರೆ ಅದು 80 ಡಿಗ್ರಿಯ ಆಸುಪಾಸಿನಲ್ಲಿ ಹೊರಬರುತ್ತದೆ. ಅಷ್ಟು ಬಿಸಿ ಗಾಳಿಯನ್ನು 9.4:1 ಕಂಪ್ರೆಷನ್ ಅನುಪಾತ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) ಇರುವ ಎಂಜಿನ್ ಒಳಗೆ ಕಳಿಸಿ ನಾಕಿಂಗ್ ಆಗಬೇಡ ಅಂದರೆ ಹೇಗೆ? ಮಾಜ್ದಾ 323ರಲ್ಲಿ ಕಾರ್ಖಾನೆಯಿಂದಲೇ ಟರ್ಬೋ ಬಂದ 1.6 ಇತ್ತಲ್ಲ, ಅದರ ಕಂಪ್ರೆಷನ್ 7.9:1. ನಿಮ್ಮ ಎಂಜಿನ್ ಅದರ ಒಡಹುಟ್ಟಿದ್ದೇ, ಬ್ಲಾಕ್ ಗಟ್ಟಿ. ಆದರೆ ಕಂಪ್ರೆಷನ್ ಜಾಸ್ತಿ ಇರುವುದರಿಂದ ತಪ್ಪಿಗೆ ಜಾಗ ಕಡಿಮೆ.

ಇಂಜೆಕ್ಟರ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಟರ್ಬೋ ಎಂಜಿನ್‌ನಲ್ಲಿ 180 ಎಚ್‌ಪಿಗೆ ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ ಸುಮಾರು 270 ಸಿಸಿ ಸುರಿಯಬೇಕು. ಅದನ್ನು 80%ಗಿಂತ ಹೆಚ್ಚು ದುಡಿಸಬಾರದು. ಅಲ್ಲಿಗೆ 340 ಸಿಸಿಯದ್ದು ಬೇಕು. ನಿಮ್ಮಲ್ಲಿರುವವು 200 ಸಿಸಿಯ ಆಸುಪಾಸಿನವು. ದೊಡ್ಡ ಇಂಜೆಕ್ಟರ್ ಹಾಕಿದರೆ ಹಳೇ ಇಸಿಯು ಲೆಕ್ಕ ತಪ್ಪುತ್ತದೆ. ಆದ್ದರಿಂದ ಮೆಗಾಸ್ಕ್ವರ್ಟ್ ಥರದ ಟ್ಯೂನ್ ಮಾಡಬಲ್ಲ ಇಸಿಯು ಬೇಕೇ ಬೇಕು. ವೈಡ್‌ಬ್ಯಾಂಡ್ ಸೆನ್ಸರನ್ನು ಇವತ್ತೇ ಹಾಕಿ, ಟರ್ಬೋ ಬರುವವರೆಗೆ ಕಾಯಬೇಡಿ. ನಿಮ್ಮ ಕಾರು ಈಗ ಹೇಗೆ ಉಸಿರಾಡುತ್ತಿದೆ ಅಂತ ಗೊತ್ತಿದ್ದರೆ ಮುಂದೆ ಏನು ಬದಲಾಯಿತು ಅಂತ ತಿಳಿಯುತ್ತದೆ. ಬೂಸ್ಟ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 11.5ರಿಂದ 12ರ ನಡುವೆ ಇರಲಿ. ಪ್ಲಗ್ ಒಂದು ಹಂತ ತಣ್ಣನೆಯದು ಹಾಕಿ, ಗ್ಯಾಪ್ 0.8 ಮಿಮೀಗಿಂತ ಜಾಸ್ತಿ ಬೇಡ.

ಟಿಕ್ ಟಿಕ್ ಸದ್ದಿಗೆ ಹೆದರಬೇಡಿ. ಹೈಡ್ರಾಲಿಕ್ ಲಿಫ್ಟರ್‌ಗಳದ್ದು, ಈ ಎಂಜಿನ್‌ಗಳಲ್ಲಿ ಮಾಮೂಲು.

ನನಗೆ ಹೆದರಿಕೆ ಆಗಿದ್ದು ನೀವು ಕೊನೆಯಲ್ಲಿ ಬರೆದ ಮಾತಿಗೆ. ಪುಲ್ಲಿ ಅಲುಗುವುದು ಬೆಲ್ಟ್‌ನಿಂದ ಅಲ್ಲ. ಎಂಜಿನ್ ನಿಲ್ಲಿಸಿ ಆ ಪುಲ್ಲಿಯ ಮುಖ ನೋಡಿ. ನಾಲ್ಕು ಸೀಳು ಇದ್ದರೆ ಅದು 1989ರಿಂದ 1991ರ ನಡುವೆ ಬಂದ ಮೂಗು (ಪುಲ್ಲಿ ಕೂರುವ ಮುಂದಿನ ತುದಿ) ಗಿಡ್ಡ ಇರುವ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ). ಎಂಟು ಇದ್ದರೆ ಉದ್ದ ಮೂಗಿನದು. ಗಿಡ್ಡ ಮೂಗಿನದರಲ್ಲಿ ಮುಂದಿನ ಬೋಲ್ಟ್ ಸರಿಯಾಗಿ ಬಿಗಿಯಾಗದಿದ್ದರೆ ಕೀ (ಗೇರ್ ಜಾರದಂತೆ ಹಿಡಿಯುವ ಲೋಹದ ತುಂಡು) ಮತ್ತು ಅದು ಕೂರುವ ತೋಡು ಸವೆಯುತ್ತಾ ಹೋಗುತ್ತವೆ. ಟೈಮಿಂಗ್ ಬೆಲ್ಟಿನ ಗೇರ್ ಕ್ರ್ಯಾಂಕ್ ಮೇಲೆ ಜರುಗುತ್ತದೆ. ವಾಲ್ವ್‌ಗಳು ತಡವಾಗಿ ತೆರೆಯುತ್ತವೆ. ಕಾರು ಮಂದ ಆಗುತ್ತದೆ. ಬೆಲ್ಟ್ ಬದಲಾಯಿಸುವಾಗ ಆ ಬೋಲ್ಟ್ ಬಿಚ್ಚಿದ್ದಿರಾ? ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದ್ದಿರಾ?

ಅದು ಗೊತ್ತಾಗುವವರೆಗೆ ದಯವಿಟ್ಟು ಟರ್ಬೋ ವಿಷಯ ಪಕ್ಕಕ್ಕಿಡಿ. ಕಾರನ್ನೂ ಓಡಿಸಬೇಡಿ.

ಕೆಂಪುರೋಡ್‌ಸ್ಟರ್:

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ. ಓದಿ ಕೈ ತಣ್ಣಗಾಯಿತು. ಬೋಲ್ಟ್ ಬಿಚ್ಚಿದ್ದೆ. ನನ್ನ ಟಾರ್ಕ್ ರೆಂಚ್ ಚಿಕ್ಕದು, ಅದಕ್ಕೆ ಉದ್ದ ಪೈಪು ಹಾಕಿ ಅಂದಾಜಿನಲ್ಲೇ ಬಿಗಿ ಮಾಡಿದ್ದೆ. ಶನಿವಾರ ಬಿಚ್ಚಿ ನೋಡುತ್ತೇನೆ.

ಮೂರನೇಗೇರು:

ಮುಂದಕ್ಕೆ ಉಪಯೋಗ ಆಗಲಿ ಅಂತ ಒಂದು ಮಾತು. ಟರ್ಬೋದಿಂದ ಆಯಿಲ್ ವಾಪಸ್ ಬರುವ ಪೈಪಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿ ಒತ್ತಡ ಇರುವುದಿಲ್ಲ, ಆಯಿಲ್ ತನ್ನ ಭಾರಕ್ಕೇ ಇಳಿಯಬೇಕು. ಪೈಪು ದಪ್ಪ ಇರಲಿ, ಉದ್ದಕ್ಕೂ ಇಳಿಜಾರಿರಲಿ, ಎಲ್ಲೂ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಏರಬಾರದು. ಸಂಪ್‌ನಲ್ಲಿ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ನನ್ನದರಲ್ಲಿ ಒಂದು ಕಡೆ ಜೋತಿತ್ತು. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಹೊಗೆ. ಸೀಲ್ ಹೋಯಿತು ಅಂತ ಟರ್ಬೋವನ್ನೇ ಎರಡು ಸಲ ಬಿಚ್ಚಿದೆ. ತಪ್ಪು ಪೈಪಿನದು. ಸಂಪಿಗೆ ತೂತು ಕೊರೆಯುವುದಾದರೆ ಅದನ್ನು ಕೆಳಗಿಳಿಸಿಯೇ ಕೊರೆಯಿರಿ, ಲೋಹದ ಪುಡಿ ಒಳಗೆ ಉಳಿಯಬಾರದು.

ಇನ್ನೊಂದು, ನಿಮ್ಮ 1.6ರಲ್ಲಿ ಗಾಳಿ ಅಳೆಯುವ ಫ್ಲ್ಯಾಪ್ ಮೀಟರ್ ಇರುವವರೆಗೆ ಬ್ಲೋ-ಆಫ್ ವಾಲ್ವಿನ (ಕಾಲು ಎತ್ತಿದಾಗ ಬೂಸ್ಟ್ ಬಿಡುವ ವಾಲ್ವು) ಗಾಳಿಯನ್ನು ಹೊರಗೆ ಬಿಡಬೇಡಿ. ಅಳೆದಾದ ಗಾಳಿ ಅದು, ಟರ್ಬೋದ ಬಾಯಿಗೇ ವಾಪಸ್ ಕೊಡಬೇಕು.

ಕೆಂಪುರೋಡ್‌ಸ್ಟರ್:

ಬಿಚ್ಚಿ ನೋಡಿದೆ. ನಾಲ್ಕು ಸೀಳು. ಬೋಲ್ಟ್ ಕೈಯಲ್ಲಿ ಹಿಡಿದ ರಾಟ್ಚೆಟ್‌ಗೇ ಬಂದುಬಿಟ್ಟಿತು, ಒಂದು ಚೂರೂ ಬಿಗಿ ಇರಲಿಲ್ಲ. ಕೀ ಒಂದು ಬದಿ ಮೆಟ್ಟಿಲಿನ ಹಾಗೆ ಸವೆದಿದೆ. ಕ್ರ್ಯಾಂಕಿನ ತೋಡೂ ಬಾಯಿ ಬಿಟ್ಟಿದೆ, ಹೊಸ ಕೀ ಇಟ್ಟು ನೋಡಿದರೆ ಆ ಕಡೆ ಈ ಕಡೆ ಆಡುತ್ತದೆ. ಕಂಪ್ರೆಷನ್ ಪರವಾಗಿಲ್ಲ: 172, 175, 170, 168.

ತುಂಬಾ ಬೇಜಾರಾಯಿತು. ಆರು ವರ್ಷ ಜೋಪಾನ ಮಾಡಿದ ಎಂಜಿನ್ ಇದು.

ಗ್ರೀಸ್‌ಕೈ:

ಬೇಜಾರು ಅರ್ಥವಾಗುತ್ತದೆ. ಸವೆದ ತೋಡಿಗೆ ಅಂಟು ತುಂಬಿ ಹೊಸ ಕೀ ಕೂರಿಸಿ ಬಿಗಿ ಮಾಡುವ ಉಪಾಯ ಇದೆ. ನಿಧಾನ ಓಡಾಟಕ್ಕೆ ಎಷ್ಟೋ ಜನರಿಗೆ ವರ್ಷಗಟ್ಟಲೆ ಬಂದಿದೆ. ಬೂಸ್ಟ್ ಹಾಕುವ ಎಂಜಿನ್‌ಗೆ ಅದು ಬೇಡ ಅಂತ ನನ್ನ ಖಚಿತ ಅಭಿಪ್ರಾಯ. ನಿಧಾನಸವಾರ ಹೇಳಿದ 1.8 ಈಗ ನಿಮಗೆ ಸರಿಯಾದ ದಾರಿ. ಕಂಪ್ರೆಷನ್ 9.0:1, ಬೂಸ್ಟ್‌ಗೆ ನಿಮ್ಮದಕ್ಕಿಂತ ವಾಸಿ. ಕ್ರ್ಯಾಂಕಿನ ಮೂಗೂ ಉದ್ದ. ಎಂಜಿನ್ ಹೊರಗಿದ್ದಾಗಲೇ ರೀರೂಟ್ ಮಾಡಿ, ಸಂಪಿಗೆ ತೂತು ಕೊರೆಸಿ. ಹೆಡ್ಡಿನ ಹಿಂದೆ ಕೈ ಹೋಗುವುದು ಆವಾಗ ಮಾತ್ರ.

ಕೆಂಪುರೋಡ್‌ಸ್ಟರ್:

ಟರ್ಬೋ, ಮ್ಯಾನಿಫೋಲ್ಡ್ ಮಾತ್ರ ತಗೊಂಡೆ, ರೆಗ್ಯುಲೇಟರ್ ಬೇಡ ಅಂದೆ. ಮ್ಯಾನಿಫೋಲ್ಡ್ 1.8ಕ್ಕೆ ಕೂರುತ್ತಾ ಅಂತ ಗ್ಯಾಸ್ಕೆಟ್ ಇಟ್ಟು ನೋಡಬೇಕು. 1995ರ ಒಂದು 1.8 ಡಿಫರೆನ್ಷಿಯಲ್ ಸಮೇತ ಇದೆ ಅಂತ ಗೊತ್ತಾಗಿದೆ. ಈ ವಾರ ಹೋಗಿ ಕಂಪ್ರೆಷನ್ ನೋಡಿಕೊಂಡು ಬಂದು ಇಲ್ಲೇ ಹಾಕುತ್ತೇನೆ. ಈ ಸಲ ದೊಡ್ಡ ಟಾರ್ಕ್ ರೆಂಚ್ ಮೊದಲೇ ಮನೆಗೆ ಬಂದಿದೆ.